ಪಾಕಸ್ಪರ್ಧೆಯ ತಟ್ಟೆಯೂ ಮುಂದಿನ ಪಂಕ್ತಿಯೂ

ಅಡಿಗೆಯನ್ನು ನಮ್ಮ ಪೂರ್ವಿಕರು ಅರುವತ್ತುನಾಲ್ಕು ಕಲೆಗಳಲ್ಲಿ ಒಂದಾಗಿ ಎಣಿಸಿದರು. ಆದರೆ ಸಂಗೀತಕ್ಕೆ ಸಭೆಯೂ ಕುಸ್ತಿಗೆ ಅಖಾಡವೂ ಇದ್ದಂತೆ ಮನೆಯ ಅಡಿಗೆಗೆ ಒಂದು ಬಹಿರಂಗ ವೇದಿಕೆಯು ಬಹುಕಾಲ ಒದಗಲಿಲ್ಲ. ಮನೆಯವರು ಉಂಡು ಎದ್ದರೆ ಅದೇ ಪರೀಕ್ಷೆ, ಅದೇ ಫಲಿತಾಂಶ. ಈಚಿನ ದಶಕಗಳಲ್ಲಿ ಈ ಸ್ಥಿತಿಯು ಬದಲಾಗಿದೆ. ಮೈಸೂರು ದಸರೆಯ ಆಹಾರಮೇಳದಲ್ಲಿ, ಮಹಿಳಾ ಸಮಾಜಗಳ ವಾರ್ಷಿಕೋತ್ಸವಗಳಲ್ಲಿ, ಶಾಲೆಗಳ ಪೋಷಕರ ದಿನಾಚರಣೆಗಳಲ್ಲಿ ಪಾಕಸ್ಪರ್ಧೆಯು ಒಂದು ರೂಢಿಯ ಕಾರ್ಯಕ್ರಮವಾಗಿದೆ. ಭಾರತದ ಸೂಚನೆಯ ಮೇರೆಗೆ ವಿಶ್ವಸಂಸ್ಥೆಯು 2023ನೆಯ ಇಸವಿಯನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಘೋಷಿಸಿದ ತರುವಾಯ ಈ ಸ್ಪರ್ಧೆಗಳಿಗೆ ಹೊಸ ಹುರುಪು ಬಂದಿತು. ಬೆಂಗಳೂರಿನ ಅರಮನೆ ಮೈದಾನದಲ್ಲಿ ಜನವರಿ ತಿಂಗಳಲ್ಲಿ ನಡೆದ ಸಾವಯವ ಮತ್ತು ಸಿರಿಧಾನ್ಯ ವಾಣಿಜ್ಯ ಮೇಳಗಳಿಗೆ ಮುನ್ನುಡಿಯಾಗಿ ರಾಜ್ಯದ ಕೃಷಿ ಇಲಾಖೆಯು ಜಿಲ್ಲೆಜಿಲ್ಲೆಗಳಲ್ಲಿ ಸಿರಿಧಾನ್ಯಗಳ ಹಾಗೂ ‘ಮರೆತುಹೋದ ಖಾದ್ಯ’ಗಳ ಪಾಕಸ್ಪರ್ಧೆಗಳನ್ನು ಏರ್ಪಡಿಸಿತು. ಹೋಟೆಲಿನ ಬಾಣಸಿಗರಲ್ಲ, ಸಾಮಾನ್ಯ ಗೃಹಿಣಿಯರು, ನಿವೃತ್ತ ನೌಕರರು, ಕಾಲೇಜಿನ ತರುಣರು ಅವುಗಳಲ್ಲಿ ಪಾಲುಗೊಂಡರು.

ಈ ಸ್ಪರ್ಧೆಗಳ ಪ್ರಯೋಜನವೇನು ಎಂಬುದನ್ನು ಶಿಕ್ಷಕರೂ ದಾನಿಗಳೂ ಆದ ನಾವು ಸ್ವಲ್ಪ ನಿಂತು ಯೋಚಿಸತಕ್ಕದ್ದಾಗಿದೆ. ಬಹುಮಾನ ಪಡೆದ ಖಾದ್ಯವು ಮರುವಾರ ಯಾರ ತಟ್ಟೆಗೆ ಬಿದ್ದಿತು ಎಂದು ವಿಚಾರಿಸಿದರೆ ಉತ್ತರವು ಸಾಮಾನ್ಯವಾಗಿ ಮೌನವೇ. ಮರೆತುಹೋದ ಖಾದ್ಯವು ಒಂದು ಮಧ್ಯಾಹ್ನ ಮೇಜಿನ ಮೇಲೆ ಕಾಣಿಸಿಕೊಂಡು, ಛಾಯಾಚಿತ್ರಕ್ಕೆ ನಿಂತು, ಮರುದಿನ ಮತ್ತೆ ಮರೆತುಹೋಗುತ್ತದೆ. ಸ್ಪರ್ಧೆಯಲ್ಲಿ ನಿಲ್ಲುವುದು ಒಂದು ವಿದ್ಯೆ; ಆ ಸ್ಪರ್ಧೆಯಿಂದ ಕಲಿತು ಮುಂದಿನ ಊಟದ ಪಟ್ಟಿಯನ್ನು ರಚಿಸುವುದು ಇನ್ನೊಂದು ವಿದ್ಯೆ. ಮೊದಲನೆಯದನ್ನು ತಕ್ಕಮಟ್ಟಿಗೆ ಎಲ್ಲರೂ ಅಭ್ಯಾಸ ಮಾಡುತ್ತಾರೆ. ಎರಡನೆಯದರ ಗೊಡವೆಗೆ ಹೋಗುವವರು ವಿರಳ. ಪ್ರಸ್ತುತ ಲೇಖನವು ಆ ಎರಡನೆಯ ವಿದ್ಯೆಯನ್ನು ಕುರಿತದ್ದು. ಆದರೆ ಮೊದಲನೆಯದನ್ನು ತಿಳಿಯದೆ ಅದಕ್ಕೆ ಪ್ರವೇಶವಿಲ್ಲ.

ಹವ್ಯಾಸಿಗಳ ಪಾಕಸ್ಪರ್ಧೆಯ ಸ್ವರೂಪವನ್ನು ಮೊದಲು ಗಮನಿಸೋಣ. ಹೆಚ್ಚಿನ ಕಡೆ ಸ್ಥಳದಲ್ಲಿಯೇ ಒಲೆ ಹೂಡಲು ಅನುಕೂಲವಿರುವುದಿಲ್ಲ. ಆದಕಾರಣ ಖಾದ್ಯವನ್ನು ಮನೆಯಲ್ಲಿ ಮಾಡಿ ತರುತ್ತಾರೆ. ಬೆಳಗಿನ ಎಂಟು ಗಂಟೆಗೆ ಒಲೆಯಿಂದ ಇಳಿದದ್ದು ಬಸ್ಸಿನಲ್ಲೋ ಆಟೋರಿಕ್ಷಾದಲ್ಲೋ ಪ್ರಯಾಣ ಮಾಡಿ, ಮೇಜಿನ ಮೇಲೆ ಅಲಂಕಾರಗೊಂಡು, ಅತಿಥಿಗಳ ಭಾಷಣಗಳನ್ನೆಲ್ಲ ಕೇಳಿ, ಹನ್ನೊಂದೂವರೆಗೆ ತೀರ್ಪುಗಾರರ ನಾಲಗೆಯನ್ನು ಮುಟ್ಟುತ್ತದೆ. ಆ ತೀರ್ಪುಗಾರರಾದರೂ ಒಂದೊಂದು ಖಾದ್ಯದಿಂದ ಎರಡು ಚಮಚಕ್ಕಿಂತ ಹೆಚ್ಚು ತಿನ್ನುವುದಿಲ್ಲ, ತಿನ್ನಲಾಗುವುದೂ ಇಲ್ಲ. ಮೂವತ್ತು ಖಾದ್ಯಗಳಿದ್ದರೆ ಹತ್ತನೆಯದಕ್ಕೆ ನಾಲಗೆ ದಣಿಯುತ್ತದೆ. ಅಂದಮೇಲೆ ಸ್ಪರ್ಧೆಯ ತಟ್ಟೆಯು ಮೂರು ಗಂಟೆಯ ಹಿಂದೆ ಮಾಡಿದ, ತಣ್ಣಗಾದ, ಎರಡು ಚಮಚದಲ್ಲಿ ತನ್ನ ಗುಣವನ್ನೆಲ್ಲ ಹೇಳಬೇಕಾದ ತಟ್ಟೆ. ಇದನ್ನು ಮರೆತು ಬಿಸಿಬಿಸಿಯಾಗಿ ಮಾತ್ರ ಸೊಗಸುವ ರಾಗಿಮುದ್ದೆಯನ್ನು ಕೊಂಡೊಯ್ದವರು, ಮುದ್ದೆಯು ಎಷ್ಟೇ ಹದವಾಗಿದ್ದರೂ, ನಿರಾಶರಾಗಿ ಹಿಂದಿರುಗುತ್ತಾರೆ.

ಸಿರಿಧಾನ್ಯಗಳ ವಿಷಯದಲ್ಲಿ ಈ ತಣಿಯುವಿಕೆಯ ಪ್ರಶ್ನೆ ಮತ್ತಷ್ಟು ತೀವ್ರವಾದುದು. ನವಣೆ, ಸಾಮೆ, ಹಾರಕ, ಬರಗು, ಊದಲು, ಕೊರಲೆ ಇವುಗಳ ಅಕ್ಕಿಯನ್ನು ಬೇಯಿಸಿದಾಗ ಪಿಷ್ಟವು ನೀರನ್ನು ಹೀರಿ ಮೆತ್ತಗಾಗುತ್ತದೆ. ತಣ್ಣಗಾಗುತ್ತ ಬಂದಂತೆ ಅದೇ ಪಿಷ್ಟವು ಮರಳಿ ಬಿಗಿಯುತ್ತದೆ. ಭತ್ತದ ಅಕ್ಕಿಯ ಅನ್ನದಲ್ಲೂ ಇದು ನಡೆಯತಕ್ಕದ್ದೇ ಆದರೂ ನವಣೆಯ ಸಣ್ಣ ಕಾಳಿನಲ್ಲಿ ಬೇಗ ಕಾಣುತ್ತದೆ. ಬಿಸಿಯಾಗಿದ್ದಾಗ ಹೂವಿನಂತಿದ್ದ ಅನ್ನವು ಎರಡು ಗಂಟೆಯಲ್ಲಿ ಗಂಟಲಿಗೆ ಒರಟಾಗುತ್ತದೆ. ಇದಕ್ಕೆ ಪರಿಹಾರಗಳಿವೆ. ಧಾನ್ಯವನ್ನು ಮೊದಲೇ ಒಂದೆರಡು ಗಂಟೆ ನೆನೆಯಿಸುವುದು, ನೀರನ್ನು ಕೊಂಚ ಮುಂದಾಗಿ ಇಡುವುದು, ಮೊಸರು ಅಥವಾ ಹುಣಿಸೆಯ ಗೊಜ್ಜು ಕಲಸಿ ತೇವವನ್ನು ಉಳಿಸುವುದು. ಇಲ್ಲವೇ, ತಣ್ಣಗಾದಾಗ ಬಿಗಿಯುವ ಗುಣವನ್ನೇ ಉಪಯೋಗಕ್ಕೆ ತೆಗೆದುಕೊಳ್ಳುವ ಖಾದ್ಯವನ್ನು ಆರಿಸುವುದು. ರಾಗಿಯ ಹಾಲ್ಬಾಯಿ ಇದಕ್ಕೆ ಉತ್ತಮ ನಿದರ್ಶನ. ರಾಗಿಯನ್ನು ನೆನೆಯಿಸಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ ತೆಗೆದ ಹಾಲಿಗೆ ಬೆಲ್ಲವನ್ನೂ ತೆಂಗಿನ ಹಾಲನ್ನೂ ಕೂಡಿಸಿ, ಪಾತ್ರೆಯ ಅಂಚು ಬಿಡುವವರೆಗೆ ಮಗುಚಿ, ತುಪ್ಪ ಸವರಿದ ತಟ್ಟೆಗೆ ಸುರಿದರೆ ಅದು ತಣ್ಣಗಾದ ಮೇಲೆಯೇ ಪೂರ್ಣವಾಗುವ ಸಿಹಿ. ತಣ್ಣನೆಯ ಪದಾರ್ಥದಲ್ಲಿ ಸಿಹಿಯು ನಾಲಗೆಗೆ ಮಂದವಾಗಿ ತೋರುವುದರಿಂದ, ಒಲೆಯ ಮೇಲೆ ರುಚಿ ನೋಡುವಾಗ ತುಸು ಅಧಿಕವೆನ್ನಿಸುವಷ್ಟು ಬೆಲ್ಲವೇ ಸರಿಯಾದ ಬೆಲ್ಲ. ಖಾರದಲ್ಲಿ ನುಚ್ಚಿನುಂಡೆಯು ಇದೇ ಜಾತಿಯದು; ಹಬೆಯಲ್ಲಿ ಬೆಂದ ಬೇಳೆಯ ಉಂಡೆ ತಣ್ಣಗಾದರೂ ಮುಖ ಕೆಡುವುದಿಲ್ಲ.

ಅಂಕಗಳ ಹಂಚಿಕೆಯಲ್ಲಿ ರುಚಿ, ನೋಟ, ಪೌಷ್ಟಿಕತೆಗಳ ಜೊತೆಗೆ ‘ಹೊಸತನ’ ಎಂಬ ಒಂದು ಕಲಮು ಇರುತ್ತದೆ. ಪಾಕಸ್ಪರ್ಧೆಗಳಲ್ಲಿ ನಡೆಯುವ ಅನಾಹುತಗಳಿಗೆಲ್ಲ ಈ ಕಲಮೇ ಮೂಲವೆಂದು ಈ ಲೇಖಕನ ಅಭಿಪ್ರಾಯ. ಹೊಸತನಕ್ಕಾಗಿ ಸಾಮೆಗೆ ಚಾಕೊಲೇಟನ್ನೂ ರಾಗಿಗೆ ಚೀಸನ್ನೂ ಬೆರೆಸಿದ ಖಾದ್ಯಗಳು ಒಂದು ದಿನದ ಕುತೂಹಲವನ್ನು ತಣಿಸಬಹುದು. ಮಂಗಳವಾರದ ಮಧ್ಯಾಹ್ನ ಹಸಿದು ಬಂದ ಮಗುವಿಗೆ ಅವನ್ನು ಬಡಿಸುವ ಧೈರ್ಯ ಯಾರಿಗೂ ಇರದು.

‘ಮರೆತುಹೋದ’ ಎಂಬ ಮಾತನ್ನೂ ಪರೀಕ್ಷಿಸಬೇಕು. ಯಾರು ಮರೆತರು? ಈ ಪ್ರಶ್ನೆಗೆ ನಮ್ಮ ಜೋಗುಪಾಳ್ಯವು ಒಂದು ಒಳ್ಳೆಯ ಉತ್ತರವನ್ನು ಇಟ್ಟುಕೊಂಡಿದೆ. ಹಲಸೂರು ಕೆರೆಯ ಮಗ್ಗುಲಿಗೆ, ಸೋಮೇಶ್ವರ ದೇವಾಲಯದ ಹಳೆಯ ಊರಿಗೂ ಇಂದಿರಾನಗರದ ಹೊಸ ಬಡಾವಣೆಗೂ ನಡುವೆ ಇರುವ ಈ ಪಾಳ್ಯದ ಗಲ್ಲಿಗಳಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಮಾತುಗಳು ಒಂದೇ ನಲ್ಲಿಯ ಬಳಿ ಕೇಳಿಬರುತ್ತವೆ. 1809ರ ಸುಮಾರಿಗೆ ದಂಡುಪ್ರದೇಶವು ನೆಲೆಗೊಂಡಂದಿನಿಂದ ಇಲ್ಲಿಗೆ ಬಂದು ನಿಂತ ಕುಟುಂಬಗಳು ತಮ್ಮ ತಮ್ಮ ಅಡಿಗೆಯನ್ನೂ ತಂದವು. ನಾವು ಮುದ್ದೆ ಎನ್ನುವುದನ್ನು ಪಕ್ಕದ ಮನೆಯವರು ‘ಕಳಿ’ ಎನ್ನುತ್ತಾರೆ, ಎದುರು ಮನೆಯವರು ‘ಸಂಗಟಿ’ ಎನ್ನುತ್ತಾರೆ. ಹಿಟ್ಟು ಅದೇ, ಕೋಲು ಅದೇ. ನಮ್ಮ ಅಂಬಲಿಯೇ ತಮಿಳರ ‘ಕೂಳು’. ಆಡಿ ಮಾಸದಲ್ಲಿ ಮಾರಿಯಮ್ಮನ ಗುಡಿಗಳ ಮುಂದೆ ರಾಗಿಯ ಕೂಳನ್ನು ಕಾಯಿಸಿ ಬಂದವರಿಗೆಲ್ಲ ಹೊಯ್ಯುವುದು ತಮಿಳು ಮನೆತನಗಳ ಹಳೆಯ ಪದ್ಧತಿ. ಒಂದು ಬೀದಿಯವರು ಮರೆತದ್ದನ್ನು ಇನ್ನೊಂದು ಬೀದಿಯವರು ಮರೆತಿರುವುದಿಲ್ಲ. ಸ್ಪರ್ಧೆಗೆ ಖಾದ್ಯವನ್ನು ಹುಡುಕುವವರು ಪುಸ್ತಕದ ಅಂಗಡಿಗೆ ಹೋಗುವ ಮೊದಲು ಪಕ್ಕದ ಮನೆಯ ಅಜ್ಜಿಯ ಬಳಿಗೆ ಹೋಗುವುದು ಲೇಸು. ಹಲಸೂರಿಗೆ ಆ ಹೆಸರು ಹಲಸಿನ ತೋಟದಿಂದ ಬಂದಿತೆಂಬ ಪ್ರತೀತಿಯಿದೆ. ತೋಟ ಹೋಯಿತು, ಆದರೆ ಬೇಸಗೆಯಲ್ಲಿ ಹಲಸಿನ ಬೀಜವನ್ನು ಬೂದಿಯಲ್ಲಿ ಹೊರಳಿಸಿ ಮಳೆಗಾಲದ ಸಾರಿಗೆ ಎತ್ತಿಡಬೇಕೆಂಬುದನ್ನು ಬಲ್ಲವರು ಇನ್ನೂ ಇದ್ದಾರೆ.

ಇಂಥ ಖಾದ್ಯಗಳಲ್ಲಿ ಒಂದನ್ನು ಆರಿಸಿ ಹೇಳುವುದಾದರೆ ಹಳೆಯ ಮೈಸೂರು ಸೀಮೆಯ ರಾಗಿ ಹುರಿಹಿಟ್ಟನ್ನು ಹೇಳಬೇಕು. ಬಾಯಿಮಾತಿನಲ್ಲಿ ಇದು ಹುರಿಟ್ಟು. ರಾಗಿಯನ್ನು ತೊಳೆದು, ಮಜ್ಜಿಗೆಯನ್ನೋ ನೀರನ್ನೋ ಚಿಮುಕಿಸಿ, ಕೆಲವು ಗಂಟೆ ಒದ್ದೆಬಟ್ಟೆಯಲ್ಲಿ ಕಟ್ಟಿಟ್ಟು, ನೆರಳಿನಲ್ಲಿ ಆರಿಸಿ, ಚೆನ್ನಾಗಿ ಕಾದ ಮರಳಿನಲ್ಲಿ ಹಿಡಿಹಿಡಿಯಾಗಿ ಹಾಕಿದರೆ ಕಾಳು ಬೆಳ್ಳಗೆ ಅರಳುತ್ತದೆ. ಕಾಳಿನ ಒಳಗಿನ ತೇವವು ಥಟ್ಟನೆ ಹಬೆಯಾಗಿ ಸಿಪ್ಪೆಯನ್ನು ಒಡೆಯುವುದೇ ಈ ಅರಳುವಿಕೆಯ ಗುಟ್ಟು. ತೇವ ಕಡಿಮೆಯಾದರೆ ಅರಳದೆ ಕಂದುತ್ತದೆ. ಹೆಚ್ಚಾದರೆ ಅರಳದೆ ಬೇಯುತ್ತದೆ. ಅರಳಿದ ರಾಗಿಯನ್ನು ಜರಡಿ ಹಿಡಿದು ಬೀಸಿದರೆ ಸಿಗುವ ಹಿಟ್ಟು ಆಗಲೇ ಬೆಂದಿರುವಂಥದು. ಅದಕ್ಕೆ ಬೆಲ್ಲ, ಕಾಯಿತುರಿ, ಏಲಕ್ಕಿ, ಹಾಲು ಸೇರಿಸಿ ಕಲಸಿದರೆ ಆಯಿತು. ಒಲೆಯೇ ಬೇಡ. ಮುಚ್ಚಿದ ಡಬ್ಬಿಯಲ್ಲಿ ವಾರಗಟ್ಟಲೆ ಇರುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಷ್ಟೇ ತೂಕದ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸಿನಲ್ಲಿದೆ. ಎಲುಬು ಬೆಳೆಯುವ ವಯಸ್ಸಿನ ಮಕ್ಕಳಿಗೆ ಈ ವ್ಯತ್ಯಾಸವು ಸಣ್ಣದಲ್ಲ. ಹೀಗಿದ್ದೂ ಈ ಹಿಟ್ಟು ನಮ್ಮ ಅಡಿಗೆಮನೆಗಳಿಂದ ಏಕೆ ಜಾರಿತು? ಮರಳಿನಲ್ಲಿ ಹುರಿಯುವ ಕೆಲಸಕ್ಕೆ ಪಟ್ಟಣದ ಮನೆಯಲ್ಲಿ ಸ್ಥಳವಿಲ್ಲ, ಗ್ಯಾಸಿನ ಒಲೆಗೆ ಆ ಬಾಣಲೆ ಒಗ್ಗುವುದಿಲ್ಲ. ರುಚಿಯಿಂದ ಸೋತದ್ದಲ್ಲ, ಸಲಕರಣೆಯಿಂದ ಸೋತದ್ದು. ಇದನ್ನು ತಿಳಿದರೆ ಮುಂದಿನ ದಾರಿಯೂ ತಿಳಿಯುತ್ತದೆ: ಕಡಲೆಪುರಿ ಹುರಿಯುವ ಭಟ್ಟಿಯವರಲ್ಲಿ ಕಾದ ಮರಳು ದಿನವೂ ಇರುತ್ತದೆ, ಹದ ಮಾಡಿದ ರಾಗಿಯನ್ನು ಅಲ್ಲಿಗೆ ಒಯ್ದರೆ ಸಾಕು.

ಈಗ ಎರಡನೆಯ ವಿದ್ಯೆಗೆ ಬರೋಣ. ಕನ್ನಡ ನಾಡಿನ ಎರಡು ಪ್ರಾಚೀನ ಗ್ರಂಥಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಖಾದ್ಯಕ್ಕೂ ಊಟಕ್ಕೂ ಇರುವ ಅಂತರವು ಸ್ಪಷ್ಟವಾಗುತ್ತದೆ. ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಮೂರನೆಯ ಮಂಗರಸನು ವಾರ್ಧಕ ಷಟ್ಪದಿಯಲ್ಲಿ ರಚಿಸಿದ ‘ಸೂಪಶಾಸ್ತ್ರ’ವು ಪಾಕವಿಧಾನಗಳ ಭಂಡಾರ. ಪಿಷ್ಟದ ತಿನಿಸುಗಳು, ಪಾನಕಗಳು, ಅನ್ನದ ಬಗೆಗಳು, ಬದನೆ, ಹಲಸು ಮೊದಲಾದವುಗಳ ಪಾಕಗಳು ಹೀಗೆ ಪದಾರ್ಥವನ್ನು ಹಿಡಿದು ಅದು ಸಾಗುತ್ತದೆ. ಇಂದಿನ ಪಾಕಸ್ಪರ್ಧೆಯ ಮೇಜು ಇದ್ದಂತೆಯೇ ಒಂದರ ಪಕ್ಕದಲ್ಲೊಂದು ಖಾದ್ಯ. ಅದಕ್ಕೂ ಹಿಂದೆ, ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣದಲ್ಲಿ ಪಾಕವಿಧಾನಗಳೂ ಇವೆ, ಬಡಿಸುವ ಕ್ರಮವೂ ಇದೆ: ಆರಂಭಕ್ಕೆ ಅನ್ನ, ಹೆಸರುಬೇಳೆ, ತುಪ್ಪ, ನಡುವೆ ಪಾಯಸ, ಕಡೆಗೆ ಮೊಸರು, ಉಪ್ಪು ಬೆರೆತ ಮಜ್ಜಿಗೆ. ಯಾವುದರ ಹಿಂದೆ ಯಾವುದು ಬರಬೇಕು, ಯಾವುದು ಯಾವುದರ ಭಾರವನ್ನು ಇಳಿಸುತ್ತದೆ ಎಂಬ ವಿಚಾರವು ಅಲ್ಲಿ ಮುಖ್ಯ. ಸೂಪಶಾಸ್ತ್ರವನ್ನು ಬಲ್ಲವರು ಸ್ಪರ್ಧೆಯನ್ನು ಗೆಲ್ಲಬಹುದು. ಊಟದ ಪಟ್ಟಿ ಹಾಕಲು ಅನ್ನಭೋಗದ ದೃಷ್ಟಿ ಬೇಕು. ಆದರೆ ಅದು ಅರಸನೊಬ್ಬನ ಊಟ. ನಮ್ಮದು ಪಂಕ್ತಿ.

ಪಂಕ್ತಿಯ ದೃಷ್ಟಿಯನ್ನು ನಮಗೆ ಕೊಟ್ಟವರು ಶರಣರು. ಶರಣ ಪರಂಪರೆಯಲ್ಲಿ ಪಾಕಸ್ಪರ್ಧೆಯನ್ನು ಹೋಲುವ ಪ್ರಸಂಗವೊಂದನ್ನು ಹುಡುಕಿದರೆ ಮಾದಾರ ಚೆನ್ನಯ್ಯನ ಕಥೆ ನೆನಪಾಗುತ್ತದೆ. ಚೋಳದೊರೆಯ ಅರಮನೆಯಿಂದ ದಿನವೂ ಶಿವನಿಗೆ ರಾಜೋಪಚಾರದ ಬೋನ. ಚೆನ್ನಯ್ಯನ ಗುಡಿಸಲಿನಲ್ಲಿ ಅಂಬಲಿ. ಒಂದು ದಿನ ಶಿವನು ಅರಮನೆಯ ನೈವೇದ್ಯವನ್ನು ಮುಟ್ಟಲಿಲ್ಲ. ಚೆನ್ನಯ್ಯನ ಅಂಬಲಿಯಿಂದ ತೃಪ್ತನಾಗಿದ್ದನು. ಅಲಂಕಾರಕ್ಕೆ ಅಂಕ ಕೊಡುವ ತೀರ್ಪುಗಾರರು ಈ ಕಥೆಯನ್ನು ಒಮ್ಮೆ ಕೇಳಿಸಿಕೊಂಡು ಮೇಜಿನ ಬಳಿಗೆ ಹೋಗುವುದು ಒಳ್ಳೆಯದು. ಇನ್ನು ಪ್ರಮಾಣದ ಪಾಠಕ್ಕೆ ಆಯ್ದಕ್ಕಿ ಲಕ್ಕಮ್ಮನಿದ್ದಾಳೆ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಪತಿ ಮಾರಯ್ಯನ ಕಾಯಕ. ಒಂದು ದಿನ ಆತನು ನಿತ್ಯಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮನು ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಕಳುಹಿಸಿದಳು. ಉಳಿದುದರಲ್ಲೇ ದಾಸೋಹವನ್ನು ಸಾಗಿಸಿದಳು. ಈ ಕಥೆಯನ್ನು ನಾವು ನಿರಾಶೆಯ, ಎಂದರೆ ಆಸೆಯನ್ನು ತೊರೆದುದರ, ಉದಾಹರಣೆಯಾಗಿ ಮಕ್ಕಳಿಗೆ ಬೋಧಿಸುತ್ತೇವೆ. ಸರಿಯೇ. ಅಡಿಗೆಮನೆಯ ಕಡೆಯಿಂದ ನೋಡಿದರೆ ಅದು ಅಳತೆಯ ಪಾಠವೂ ಹೌದು: ಇಂದು ಎಷ್ಟು ಜನ, ಅವರಿಗೆ ಎಷ್ಟು ಸಾಕು ಎಂಬುದನ್ನು ಖಚಿತವಾಗಿ ಬಲ್ಲವಳು ಮಾತ್ರ ಹೆಚ್ಚಿನದನ್ನು ಹಿಂದಕ್ಕೆ ಕಳುಹಿಸಬಲ್ಲಳು.

ದೊಡ್ಡ ಪಂಕ್ತಿಯ ಯೋಜನೆಯನ್ನು ಕಣ್ಣಾರೆ ಕಾಣಬೇಕೆನ್ನುವವರು ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಹೋಗಬೇಕು. ಅಲ್ಲಿಯ ಮಹಾದಾಸೋಹಕ್ಕೆ ಸುತ್ತಣ ಹಳ್ಳಿಗಳ ಮನೆಮನೆಗಳಲ್ಲಿ ತಟ್ಟಿದ ಜೋಳದ ರೊಟ್ಟಿಗಳು ಬಂಡಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಲಕ್ಷಗಟ್ಟಲೆ ಬಂದು ಸೇರುತ್ತವೆ. ಖಡಕ್ ರೊಟ್ಟಿಯು ತೇವವಿಲ್ಲದ್ದರಿಂದ ವಾರಗಟ್ಟಲೆ ಕೆಡುವುದಿಲ್ಲ. ಆದ್ದರಿಂದ ಸಾವಿರಾರು ಕೈಗಳು ತಮ್ಮ ತಮ್ಮ ಒಲೆಯ ಮುಂದೆ, ತಮ್ಮ ಬಿಡುವಿನ ವೇಳೆಯಲ್ಲಿ ಆ ಕೆಲಸವನ್ನು ಮಾಡಿ ಮುಗಿಸಬಹುದು. ದಾಸೋಹದ ಮನೆಯಲ್ಲಿ ಆ ದಿನ ಬೇಯಬೇಕಾದ್ದು ಅನ್ನ, ಸಾರು, ಪಲ್ಯ. ಬಾಳುವುದನ್ನು ಮೊದಲೇ ಮಾಡಿಸಿ, ಬಾಳದ್ದನ್ನು ಮಾತ್ರ ಅಂದಿಗೆ ಉಳಿಸಿಕೊಳ್ಳುವ ಈ ವಿಭಜನೆಯೇ ಇಡೀ ವ್ಯವಸ್ಥೆಯ ಬೆನ್ನೆಲುಬು. ತುಮಕೂರಿನ ಸಿದ್ಧಗಂಗಾ ಕ್ಷೇತ್ರದಲ್ಲಿ ಸಾವಿರಾರು ವಿದ್ಯಾರ್ಥಿಗಳಿಗೆ ದಿನದಿನವೂ ನಡೆಯುವ ದಾಸೋಹವು ಇನ್ನೊಂದು ಬಗೆಯದು. ಅಲ್ಲಿ ಜಾತ್ರೆಯ ಉತ್ಸಾಹವಲ್ಲ, ನಿತ್ಯದ ಶಿಸ್ತು. ಪೂಜ್ಯ ಶಿವಕುಮಾರ ಮಹಾಸ್ವಾಮಿಗಳು 2019ರ ಜನವರಿ 21ರಂದು ಶಿವೈಕ್ಯರಾದರು. 2021ರಲ್ಲಿ ರಾಜ್ಯ ಸರ್ಕಾರವು ಆ ದಿನವನ್ನು ದಾಸೋಹ ದಿನವೆಂದು ಘೋಷಿಸಿತು.

ನಮ್ಮಂಥ ಸಣ್ಣ ಸಂಸ್ಥೆಗಳ ಪ್ರಮಾಣಕ್ಕೆ ಇಳಿದು ಒಂದು ಪಟ್ಟಿಯನ್ನೇ ಹಾಕಿ ನೋಡೋಣ. ಪೋಷಕರ ಪಾಕಸ್ಪರ್ಧೆಯಲ್ಲಿ ಮೇಲೆ ಹೇಳಿದ ಹುರಿಹಿಟ್ಟು ಮೆಚ್ಚುಗೆ ಪಡೆಯಿತೆಂದು ಭಾವಿಸಿ. ಅದನ್ನು ಪ್ರೌಢವಯಸ್ಸಿಗೆ ಸಮೀಪಿಸಿದ ಇನ್ನೂರು ಮಕ್ಕಳ ಮಧ್ಯಾಹ್ನದ ಪ್ರಸಾದಕ್ಕೆ ತರಬೇಕಾಗಿದೆ. ಅಳತೆಗೋಲಾಗಿ ಕೇಂದ್ರ ಸರ್ಕಾರದ ಶಾಲಾ ಊಟದ ಯೋಜನೆಯು ಆರರಿಂದ ಎಂಟನೆಯ ತರಗತಿಗಳಿಗೆ ಗೊತ್ತುಮಾಡಿರುವ ಪ್ರಮಾಣಗಳನ್ನು ಇಟ್ಟುಕೊಳ್ಳಬಹುದು: ಮಗುವೊಂದಕ್ಕೆ ಧಾನ್ಯ 150 ಗ್ರಾಂ, ಬೇಳೆಕಾಳು 30 ಗ್ರಾಂ, ತರಕಾರಿ 75 ಗ್ರಾಂ, ಎಣ್ಣೆ ಏಳೂವರೆ ಗ್ರಾಂ, ಒಟ್ಟು ಊಟದಿಂದ 700 ಕ್ಯಾಲೊರಿ ಶಕ್ತಿ, 20 ಗ್ರಾಂ ಸಸಾರಜನಕ ದೊರೆಯಬೇಕು. ಇನ್ನೂರು ಮಕ್ಕಳಿಗೆ ಎಂದರೆ ಧಾನ್ಯ 30 ಕಿಲೊ, ಬೇಳೆಕಾಳು 6 ಕಿಲೊ, ತರಕಾರಿ 15 ಕಿಲೊ, ಎಣ್ಣೆ ಒಂದೂವರೆ ಕಿಲೊ. ಹುರಿಹಿಟ್ಟು ತಲೆಗೆ 30 ಗ್ರಾಂನಂತೆ 6 ಕಿಲೊ. ಉಳಿದ 24 ಕಿಲೊ ಅಕ್ಕಿ. ಸಿರಿಧಾನ್ಯದ ಉತ್ಸಾಹದಲ್ಲಿ ಮೊದಲ ದಿನವೇ ಅಕ್ಕಿಯನ್ನು ಪೂರ್ತಿ ಕೈಬಿಡುವವರಿದ್ದಾರೆ. ಅದು ಸಲ್ಲದು. ಅಭ್ಯಾಸವಿಲ್ಲದ ಮಗು ಹಸಿದು ಏಳುತ್ತದೆ, ಮುಂದಿನ ಸಲ ಹೆಸರು ಕೇಳಿದರೆ ಮುಖ ತಿರುಗಿಸುತ್ತದೆ. ಐದರಲ್ಲೊಂದು ಪಾಲಿನಿಂದ ಆರಂಭಿಸುವುದೇ ಕ್ಷೇಮ.

ಬೇಳೆಕಾಳಿನ ಆರು ಕಿಲೊದಲ್ಲಿ ನಾಲ್ಕು ಕಿಲೊ ತೊಗರಿಬೇಳೆ ಹುಳಿಗೆ, ಎರಡು ಕಿಲೊ ಹುರಳಿ ಮೊಳಕೆ ಕಟ್ಟಿ ಉಸಲಿಗೆ. ನಮ್ಮದು ಶಾಕಾಹಾರದ ಅಡಿಗೆಮನೆಯಾದ್ದರಿಂದ ಸಸಾರಜನಕದ ಹೊಣೆಯೆಲ್ಲ ಕಾಳು ಮತ್ತು ಹಾಲಿನ ಮೇಲಿದೆ. ಬೆಲೆ ಏರಿತೆಂದು ಹುಳಿಯನ್ನು ನೀರಾಗಿಸುವುದು ಆ ಹೊಣೆಯಿಂದ ನುಣುಚಿಕೊಂಡಂತೆ. ಉಸಲಿಯ ಮೇಲೆ ನಿಂಬೆಹಣ್ಣು ಹಿಂಡಿದರೆ ಕಾಳಿನಲ್ಲಿರುವ ಕಬ್ಬಿಣದ ಅಂಶವು ದೇಹಕ್ಕೆ ಹೆಚ್ಚಾಗಿ ಹತ್ತುತ್ತದೆ. ತರಕಾರಿ ಹತ್ತು ಕಿಲೊ ಕುಂಬಳ, ಐದು ಕಿಲೊ ಸೊಪ್ಪು. ಸ್ಪರ್ಧೆಯು ಜನವರಿಯಲ್ಲಿ ನಡೆದಿದ್ದರೆ ಅವರೆಯ ಕಾಲ. ವಿಶ್ವೇಶ್ವರಪುರದ ಅವರೆಬೇಳೆ ಮೇಳವನ್ನು ಕಂಡವರಿಗೆ ಆ ತಿಂಗಳ ಬೆಂಗಳೂರಿನ ಪರಿಮಳವನ್ನು ಬಣ್ಣಿಸಬೇಕಾಗಿಲ್ಲ. ಆಗ ಕುಂಬಳದ ಅರ್ಧವನ್ನು ಬಿಟ್ಟು ಸೊಗಡಿನ ಅವರೆಕಾಳನ್ನು ಹುಳಿಗೆ ಹಾಕತಕ್ಕದ್ದು. ಸೊಗಡಿನ ಕಾಳು ಇಬ್ಬನಿಯೊಂದಿಗೆ ಬಂದು ಅದರೊಂದಿಗೆ ಹೋಗುವ ವಸ್ತು. ಏಪ್ರಿಲಿನ ಪಟ್ಟಿಯಲ್ಲಿ ಅವರೆಯನ್ನು ಬರೆದವರು ಮಾರುಕಟ್ಟೆಗೆ ಹೋಗದೆ ಪಟ್ಟಿ ಬರೆದವರು.

ಮನೆಯ ಐದು ಜನರ ಪಾಕವಿಧಾನವನ್ನು ನಲವತ್ತರಿಂದ ಗುಣಿಸಿದರೆ ಇನ್ನೂರು ಜನರ ಪಾಕವಿಧಾನ ಆಗುವುದೆಂದು ಗಣಿತವು ಹೇಳುತ್ತದೆ, ಕೊಪ್ಪರಿಗೆ ಒಪ್ಪುವುದಿಲ್ಲ. ನೀರು ಆವಿಯಾಗುವುದು ಪಾತ್ರೆಯ ಮೇಲ್ಮೈಯಿಂದ. ಪಾತ್ರೆ ದೊಡ್ಡದಾದಂತೆ ಪದಾರ್ಥದ ಮೊತ್ತಕ್ಕೆ ಹೋಲಿಸಿದರೆ ಮೇಲ್ಮೈ ಕಡಿಮೆ. ಆದ್ದರಿಂದ ನಲವತ್ತು ಪಟ್ಟು ನೀರಿಟ್ಟರೆ ಅನ್ನ ಗಂಜಿಯಾಗುತ್ತದೆ. ಉಪ್ಪು, ಖಾರ, ಹುಳಿಗಳನ್ನು ಲೆಕ್ಕದ ಮುಕ್ಕಾಲು ಪಾಲು ಹಾಕಿ, ಕುದಿದ ಮೇಲೆ ರುಚಿ ನೋಡಿ ಏರಿಸುವುದು ಅನುಭವಿಗಳ ಕ್ರಮ. ಸ್ಪರ್ಧೆಯ ತಟ್ಟೆಯನ್ನು ಮಾಡಿದ ತಾಯಂದಿರು ಈ ದೊಡ್ಡ ಅಡಿಗೆಯ ದಿನ ಕೊಪ್ಪರಿಗೆಯ ಪಕ್ಕದಲ್ಲಿ ನಿಂತು ರುಚಿ ಹೇಳಿದರೆ ಅಡಿಗೆಯವರಿಗೂ ಅವಮಾನವಲ್ಲ, ಇಬ್ಬರಿಗೂ ಕಲಿಕೆ. ಸರ್ಕಾರದ ಯೋಜನೆಯಲ್ಲಿಯೂ, ಮಕ್ಕಳಿಗೆ ಬಡಿಸುವುದಕ್ಕೆ ಮುನ್ನ ಶಿಕ್ಷಕರೊಬ್ಬರನ್ನು ಒಳಗೊಂಡು ಇಬ್ಬರು ಮೂವರು ಹಿರಿಯರು ಊಟವನ್ನು ಸವಿದು ನೋಡಬೇಕೆಂಬ ನಿಯಮವಿದೆ. 2013ರ ಜುಲೈ ತಿಂಗಳಲ್ಲಿ ಬಿಹಾರದ ಗಂಡಾಮನ್ ಗ್ರಾಮದ ಶಾಲೆಯಲ್ಲಿ ಕೀಟನಾಶಕ ಬೆರೆತ ಊಟವನ್ನುಂಡು 23 ಮಕ್ಕಳು ಪ್ರಾಣ ನೀಗಿದುದನ್ನು ಬಲ್ಲ ಯಾವ ಶಿಕ್ಷಕನೂ ಈ ನಿಯಮವನ್ನು ಕೇವಲ ಸಹಿಯ ಪುಸ್ತಕದ ವಿಷಯವೆಂದು ತಿಳಿಯಲಾರ. ಪಾಕಸ್ಪರ್ಧೆಯ ತೀರ್ಪುಗಾರನಿಗೂ ಈ ಶಿಕ್ಷಕನಿಗೂ ಕೆಲಸ ಒಂದೇ ಬಗೆಯದು, ಭಾರ ಒಂದೇ ತೂಕದ್ದಲ್ಲ.

ಇನ್ನೂರು ಮಕ್ಕಳು ನೂರು ನೂರರಂತೆ ಎರಡು ಪಂಕ್ತಿ ಕೂಡುತ್ತಾರೆ. ಪಟ್ಟಿ ಹಾಕುವವರು ಮೊದಲ ಪಂಕ್ತಿಯ ಮೊದಲ ಮಗುವನ್ನಲ್ಲ, ಎರಡನೆಯ ಪಂಕ್ತಿಯ ಕೊನೆಯ ಮಗುವನ್ನು ಕಣ್ಣ ಮುಂದೆ ಇಟ್ಟುಕೊಳ್ಳಬೇಕು. ಅಕ್ಕಿಯನ್ನು ಒಂದೇ ಬಾರಿ ಬೇಯಿಸದೆ ಹನ್ನೆರಡು ಹನ್ನೆರಡು ಕಿಲೊ ಎರಡು ಪಾತ್ರೆಗಳಲ್ಲಿ ಅರ್ಧ ಗಂಟೆಯ ಅಂತರದಿಂದ ಇಳಿಸಿದರೆ ಇಬ್ಬರಿಗೂ ಬಿಸಿ ಅನ್ನ. ಹುರಿಹಿಟ್ಟಿನ ವಿಷಯದಲ್ಲಂತೂ ಇದು ಅನಿವಾರ್ಯ. ಕಲಸಿದ ಹಿಟ್ಟು ಕಾಲು ಗಂಟೆಯಲ್ಲಿ ಹಾಲನ್ನೆಲ್ಲ ಹೀರಿ ಗಟ್ಟಿಯಾಗುತ್ತದೆ. ಸ್ಪರ್ಧೆಯಲ್ಲಿ ಒಂದು ಬಟ್ಟಲನ್ನು ತೀರ್ಪುಗಾರರು ಬರುವ ಹೊತ್ತಿಗೆ ಕಲಸಿದರೆ ಸಾಕಾಗಿತ್ತು, ಇಲ್ಲಿ ಪಂಕ್ತಿ ಕುಳಿತ ಮೇಲೆ ಆ ಪಂಕ್ತಿಗೆ ಬೇಕಾದ ಮೂರು ಕಿಲೊವನ್ನಷ್ಟೇ ಕಲಸಬೇಕು. ಹಾಲು ತಲೆಗೆ ನೂರು ಮಿಲಿಲೀಟರಿನಂತೆ 20 ಲೀಟರು, ಬೆಲ್ಲ 3 ಕಿಲೊ, ತೆಂಗಿನಕಾಯಿ ಹತ್ತು. ಕುದಿಯುವ ಹಾಲಿಗೆ ಬೆಲ್ಲ ಹಾಕಿದರೆ ಒಡೆಯುವ ಸಂಭವವುಂಟು. ಬೆಲ್ಲವನ್ನು ಬೇರೆಯಾಗಿ ಕರಗಿಸಿ, ಸೋಸಿ, ಆರಿಸಿ, ಉಗುರುಬೆಚ್ಚಗಿನ ಹಾಲಿಗೆ ಬೆರೆಸುವುದು. ಹೀಗೆ ಒಂದು ಬಟ್ಟಲಿನಿಂದ ಮಗುವಿಗೆ ಇನ್ನೂರು ಮಿಲಿಗ್ರಾಂಗೆ ಮೀರಿದ ಸುಣ್ಣದ ಅಂಶ ದೊರೆಯುತ್ತದೆ.

ಇಲ್ಲಿ ದಾನಿಗಳಲ್ಲಿ ಒಂದು ಅರಿಕೆ. ಹುಟ್ಟುಹಬ್ಬಕ್ಕೆ, ಹಿರಿಯರ ಸ್ಮರಣೆಗೆ ಮಕ್ಕಳಿಗೆ ಹೋಳಿಗೆಯ ಊಟ ಹಾಕಿಸುವ ಔದಾರ್ಯವನ್ನು ಯಾರೂ ಕಡಿಮೆ ಮಾಡಿ ಹೇಳಬೇಕಾಗಿಲ್ಲ, ಹೋಳಿಗೆ ಹೋಳಿಗೆಯೇ. ಆದರೆ ಹಬ್ಬದ ಊಟಕ್ಕೆ ದಾನಿಗಳು ಸಾಲುಗಟ್ಟಿ ನಿಲ್ಲುವ ಕಡೆಗಳಲ್ಲಿಯೂ ಮಂಗಳವಾರದ ಹುರಳಿಗೆ ದಾನಿಗಳು ಸಿಕ್ಕುವುದು ದುರ್ಲಭ. ಒಂದು ತಿಂಗಳ ಹುರಿಹಿಟ್ಟು, ಒಂದು ತಿಂಗಳ ಕಾಳು ಎಂದು ವಹಿಸಿಕೊಳ್ಳುವವರು ಮುಂದೆ ಬಂದರೆ ಊಟದ ಪಟ್ಟಿಯು ಕಾಗದದಿಂದ ತಟ್ಟೆಗೆ ಇಳಿಯುತ್ತದೆ.

ಕೊನೆಯದಾಗಿ ಫಲಿತಾಂಶದ ಮಾತು. ಖಾದ್ಯವು ಪಂಕ್ತಿಯಲ್ಲಿ ಗೆದ್ದಿತೇ ಸೋತಿತೇ ಎಂಬುದನ್ನು ತಿಳಿಯಲು ಬೇರೆಡೆ ತಟ್ಟೆಯಲ್ಲಿ ಬಿಟ್ಟ ಆಹಾರವನ್ನು ತೂಗುತ್ತಾರೆ. ನಮ್ಮಲ್ಲಿ ಪ್ರಸಾದವನ್ನು ಬಿಡಬಾರದೆಂಬ ಸಂಸ್ಕಾರವಿರುವುದರಿಂದ ಆ ತಕ್ಕಡಿ ಇಲ್ಲಿ ಸುಳ್ಳು ಹೇಳುತ್ತದೆ. ಮಗು ಇಷ್ಟವಿಲ್ಲದಿದ್ದರೂ ಬಳಿದು ಮುಗಿಸುತ್ತದೆ. ಎಣಿಸಬೇಕಾದ್ದು ಮರುಬಡಿಸುವಾಗ ಕೈ ಒಡ್ಡಿದವರನ್ನು. ಬಡಿಸುವ ಹಿರಿಯ ವಿದ್ಯಾರ್ಥಿಯೊಬ್ಬನ ಕೈಗೆ ಒಂದು ಸಣ್ಣ ಪುಸ್ತಕ ಕೊಟ್ಟು, ಪ್ರತಿ ಖಾದ್ಯಕ್ಕೆ ಎರಡನೆಯ ಸಲ ಕೇಳಿದವರ ಸಂಖ್ಯೆಯನ್ನು ಬರೆಯಿಸಿದರೆ ಸಾಕು. ನಾಲ್ಕು ವಾರ ಬರೆದರೆ ಮುಂದಿನ ತಿಂಗಳ ಪಟ್ಟಿ ತಾನಾಗಿಯೇ ರೂಪುಗೊಳ್ಳುತ್ತದೆ. ಮುಂದಿನ ವರ್ಷದ ಪಾಕಸ್ಪರ್ಧೆಗೆ ಯಾವ ವಿಭಾಗಗಳನ್ನು ಇಡಬೇಕೆಂಬುದೂ ಆ ಪುಸ್ತಕದಿಂದಲೇ ತಿಳಿಯುತ್ತದೆ. ಆ ಪುಸ್ತಕದಲ್ಲಿ ಮಜ್ಜಿಗೆಗೆ ಪ್ರತ್ಯೇಕ ಅಂಕಣವಿರಲಿ. ಐದು ಲೀಟರು ಮೊಸರಿಗೆ ಹದಿನೈದು ಲೀಟರು ನೀರು, ಉಪ್ಪು, ಜಜ್ಜಿದ ಶುಂಠಿ, ಕರಿಬೇವು. ಇನ್ನೂರು ಮಕ್ಕಳಿಗೆ ಒಂದೊಂದು ಲೋಟ. ಸೆಕೆಯ ದಿನಗಳಲ್ಲಿ ಇದು ಸಾಲದು. ಮಾರ್ಚಿಯಿಂದ ಇನ್ನೆರಡು ಲೀಟರು ಮೊಸರನ್ನು ಲೆಕ್ಕಕ್ಕೆ ಸೇರಿಸಿಕೊಳ್ಳತಕ್ಕದ್ದು.